ಕ್ರೀಡಾ ಛಾಯಾಗ್ರಹಣಕ್ಕೆ ಮಿತವ್ಯಯದ ಟೆಲಿಫೋಟೋ ಲೆನ್ಸ್: ಒಂದು ಅನುಭವ ಪಾಠ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗಾಗಿ ಹಳೆಯ ಛಾಯಾಚಿತ್ರಗಳನ್ನು ಆರಿಸಿಕೊಡುವ ಹೊಣೆಯನ್ನು ಸಂಪಾದಕ ಮಂಡಳಿಯವರು ನನಗೆ ವಹಿಸಿದ್ದರು. ಕಚೇರಿಯ ಕಪಾಟಿನಿಂದ ಮೂರು ರಟ್ಟಿನ ಪೆಟ್ಟಿಗೆಗಳು ಹೊರಬಂದವು. ಎರಡು ಸಂಜೆ ಕುಳಿತು ಅವುಗಳನ್ನು ಒಂದೊಂದಾಗಿ ನೋಡಿದೆ. ದೀಪ ಬೆಳಗುತ್ತಿರುವ ಅತಿಥಿಗಳಿದ್ದರು; ಹಾರ ಹಾಕಿಸಿಕೊಳ್ಳುತ್ತಿರುವ ಗಣ್ಯರಿದ್ದರು; ಧ್ವಜವಂದನೆಯ ಸಾಲುಗಳಿದ್ದವು; ಬಹುಮಾನದ ಬಟ್ಟಲನ್ನು ಹಿಡಿದು ಕಣ್ಣು ಮುಚ್ಚಿ ನಿಂತ ಮಕ್ಕಳೂ ಇದ್ದರು. ಆದರೆ ಐವತ್ತು ವರ್ಷಗಳಲ್ಲಿ ಈ ಮೈದಾನದಲ್ಲಿ ಓಡಿದ, ಬಿದ್ದ, ಎದ್ದ, ಗೆದ್ದ ಮಕ್ಕಳಲ್ಲಿ, ಓಡುತ್ತಿರುವಾಗಲೇ ಮುಖದ ಗುರುತು ಹತ್ತುವಂತೆ ತೆಗೆದ ಚಿತ್ರ ಒಂದೂ ಸಿಗಲಿಲ್ಲ. ಕ್ರೀಡಾದಿನದ ಚಿತ್ರಗಳೆಂದು ಲಕೋಟೆಯ ಮೇಲೆ ಬರೆದಿದ್ದವುಗಳಲ್ಲಿ ಕಂಡದ್ದು ಬಹುಪಾಲು ಕೆಂಪು ನೆಲ, ಮೇಲೆ ಆಕಾಶ, ನಡುವೆ ಇರುವೆಯ ಸಾಲಿನಂತೆ ಕೆಲವು ಚುಕ್ಕೆಗಳು.

ಇದು ಯಾರ ಅಲಕ್ಷ್ಯವೂ ಅಲ್ಲ. ವೇದಿಕೆಯ ಮುಂದೆ ಹತ್ತು ಅಡಿ ದೂರದಲ್ಲಿ ನಿಂತು ಚಿತ್ರ ತೆಗೆಯಲು ಸಾಧಾರಣ ಲೆನ್ಸು ಸಾಕು. ಆಟದ ಅಂಗಳದ ಹಗ್ಗದಾಚೆ ನಿಂತು ನಲವತ್ತು ಮೀಟರು ದೂರದ ಮಗುವನ್ನು ಹಿಡಿಯಲು ಅದು ಸಾಲದು. ಅಂದರೆ ನಮ್ಮ ಶಾಲೆಯ ಚಿತ್ರಸಂಗ್ರಹದಲ್ಲಿ ಅತಿಥಿಗಳು ಉಳಿದು ಮಕ್ಕಳು ಅಳಿದುಹೋದದ್ದಕ್ಕೆ ಒಂದು ದೃಗ್ವಿಜ್ಞಾನದ ಕಾರಣವಿದೆ. ಆ ಕಾರಣವನ್ನೂ, ಅದನ್ನು ಕಡಿಮೆ ಖರ್ಚಿನಲ್ಲಿ ನಿವಾರಿಸುವ ಬಗೆಯನ್ನೂ ವಿದ್ಯಾರ್ಥಿಗಳಿಗೂ ಪಾಲಕರಿಗೂ ತಿಳಿಸಬೇಕೆಂಬುದು ಈ ಲೇಖನದ ಉದ್ದೇಶ. ನಾನು ವೃತ್ತಿನಿರತ ಛಾಯಾಗ್ರಾಹಕನಲ್ಲ. ಈ ಶಾಲೆಯ ಹಳೆಯ ವಿದ್ಯಾರ್ಥಿ. ವೆರ್ಣಾ ಕೈಗಾರಿಕಾ ವಸಾಹತಿನ ಕಾರ್ಖಾನೆಯೊಂದರಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು ನೋಡುವ ಕೆಲಸದವನು. ಅಳತೆಯ ಅಭ್ಯಾಸವೊಂದೇ ಈ ವಿಷಯದಲ್ಲಿ ನನಗಿರುವ ಅರ್ಹತೆ.

ಒಂದು ತಪ್ಪಿನ ಕಥೆ

ಕೆಲವು ವರ್ಷಗಳ ಹಿಂದೆ ಹೆಚ್ಚುವರಿ ಪಾಳಿಯ ಹಣವನ್ನು ಕೂಡಿಟ್ಟು ಒಂದು ಹಳೆಯ ಕೆನಾನ್ ಕ್ಯಾಮೆರಾವನ್ನೂ, ಅದಕ್ಕೊಪ್ಪುವ 55ರಿಂದ 250 ಮಿ.ಮೀ.ವರೆಗಿನ ಜೂಮ್ ಲೆನ್ಸನ್ನೂ ಕೊಂಡೆ. ಲೆನ್ಸಿನಲ್ಲಿ ಕೈನಡುಕವನ್ನು ತಡೆಯುವ ವ್ಯವಸ್ಥೆಯಿದೆಯೆಂದು ತಿಳಿದಾಗ, ಇನ್ನು ಚಿತ್ರ ಅಲುಗಾಡುವ ಮಾತೇ ಇಲ್ಲವೆಂದು ಭಾವಿಸಿದೆ. ಆ ವರ್ಷದ ಕ್ರೀಡಾದಿನದಂದು ಬೆಳಗಿನ ಚಿತ್ರಗಳು ಚೆನ್ನಾಗಿಯೇ ಬಂದವು. ಸಂಜೆ, ಸೂರ್ಯ ಮರಗಳ ಹಿಂದೆ ಇಳಿದ ಮೇಲೆ, ಬಾಲಕಿಯರ ರಿಲೇ ಓಟ ನಡೆಯಿತು. ಏಳನೆಯ ತರಗತಿಯ ಹುಡುಗಿಯೊಬ್ಬಳು ಕೊನೆಯ ಸುತ್ತಿನಲ್ಲಿ ಇಬ್ಬರನ್ನು ಹಿಂದೆ ಹಾಕಿ ದಾರ ಹರಿದಳು. ಅವಳ ತಂದೆ ಬಾಗಲಕೋಟೆಯ ಕಡೆಯಿಂದ ಬಂದ ಗೌಂಡಿ. ಇಲ್ಲಿಯೇ ಹತ್ತಿರದ ಕಟ್ಟಡದ ಕೆಲಸದಲ್ಲಿದ್ದವರು. ಮರುದಿನ ಅವಳು ಬಂದು, ‘ಸರ್, ನನ್ನ ಫೋಟೋ ಬಂತೇ? ಊರಲ್ಲಿ ಅಜ್ಜಿಗೆ ಕಳಿಸಬೇಕು’ ಎಂದು ಕೇಳಿದಳು.

ಚಿತ್ರ ಬಂದಿತ್ತು. ಹಿಂದಿನ ಕಂಬ ಸ್ಪಷ್ಟವಾಗಿತ್ತು, ಗೋಡೆಯ ಕಲ್ಲುಗಳನ್ನು ಎಣಿಸಬಹುದಾಗಿತ್ತು, ದಾರ ಹಿಡಿದು ನಿಂತ ಶಿಕ್ಷಕರ ಕೈಗಡಿಯಾರ ಕಾಣುತ್ತಿತ್ತು. ಹುಡುಗಿಯ ಜಾಗದಲ್ಲಿ ಮಾತ್ರ ನೀಲಿ ಸಮವಸ್ತ್ರದ ಬಣ್ಣದ ಒಂದು ಹೊಗೆಯಿತ್ತು. ಮುಂದಿನ ವರ್ಷ ಚೆನ್ನಾಗಿ ತೆಗೆಯೋಣವೆಂದು ಸಮಾಧಾನ ಹೇಳಿದೆ. ಮುಂದಿನ ವರ್ಷ ಬರಲಿಲ್ಲ. ಕಟ್ಟಡ ಮುಗಿಯಿತು; ಬೇಸಿಗೆಯ ರಜೆಯಲ್ಲಿ ಆ ಕುಟುಂಬ ಬೇರೆ ಕೆಲಸ ಹುಡುಕಿಕೊಂಡು ಹೊರಟುಹೋಯಿತು. ನಮ್ಮ ಶಾಲೆಯ ಹಾಜರಿ ಪುಸ್ತಕ ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. ಕೆಲಸವಿರುವವರೆಗೆ ಊರು, ಊರಿರುವವರೆಗೆ ಶಾಲೆ ಎಂಬಂತೆ ಬದುಕುವ ಮನೆಗಳ ಮಕ್ಕಳು ನಮ್ಮಲ್ಲಿ ಅನೇಕರು. ಅವರಿಗೆ ‘ಮುಂದಿನ ವರ್ಷ’ ಎಂದು ಹೇಳುವ ಅಧಿಕಾರ ನಮಗಿಲ್ಲ.

ತಪ್ಪು ಲೆನ್ಸಿನದೆಂದು ನಾನು ತೀರ್ಮಾನಿಸಿದೆ. ಪತ್ರಿಕಾ ಛಾಯಾಗ್ರಾಹಕರು ಬಳಸುವ ದೊಡ್ಡ ಬಾಯಿಯ ಲೆನ್ಸನ್ನು ಸಾಲ ಮಾಡಿಯಾದರೂ ಕೊಳ್ಳಬೇಕೆಂದು ಕಾರ್ಖಾನೆಯ ಪತ್ತಿನ ಸಂಘಕ್ಕೆ ಅರ್ಜಿಯನ್ನೂ ಬರೆದೆ. ಅರ್ಜಿ ಕೊಡುವ ಮುನ್ನ, ನಷ್ಟವಾದ ಬಿಡಿಭಾಗದ ಕಾರಣವನ್ನು ಹುಡುಕುವಂತೆ, ಆ ಕೆಟ್ಟ ಚಿತ್ರದ ಲೆಕ್ಕವನ್ನು ಒಮ್ಮೆ ಮಾಡಿ ನೋಡಿದೆ. ಆ ಲೆಕ್ಕವೇ ಮುಂದಿನ ಪಾಠ.

1. ದೂರ ಮತ್ತು ಸಂಗಮದೂರ

ಪೀನ ಮಸೂರವು ದೂರದ ವಸ್ತುವಿನ ಬಿಂಬವನ್ನು ತನ್ನ ಹಿಂದೆ ಮೂಡಿಸುವ ದೂರವನ್ನು ಸಂಗಮದೂರವೆಂದು ವಿಜ್ಞಾನದ ಪಾಠದಲ್ಲಿ ಓದಿದ್ದೇವೆ. ಲೆನ್ಸಿನ ಮೇಲೆ ಬರೆದಿರುವ 50, 200, 250 ಮಿ.ಮೀ. ಎಂಬ ಸಂಖ್ಯೆಗಳು ಇವೇ. ಬಿಂಬದ ಗಾತ್ರವನ್ನು ತಿಳಿಯಲು ವಸ್ತುವಿನ ಎತ್ತರವನ್ನು ಸಂಗಮದೂರದಿಂದ ಗುಣಿಸಿ, ವಸ್ತು ಇರುವ ದೂರದಿಂದ ಭಾಗಿಸಿದರೆ ಸಾಕು.

1.2 ಮೀಟರ್ ಎತ್ತರದ ಮಗು 40 ಮೀಟರ್ ದೂರದಲ್ಲಿದೆಯೆಂದು ತಿಳಿಯೋಣ. 50 ಮಿ.ಮೀ. ಲೆನ್ಸಿನಲ್ಲಿ ಅದರ ಬಿಂಬ ಕೇವಲ 1.5 ಮಿ.ಮೀ. ನಮ್ಮಂತಹವರ ಬಳಿ ಇರುವ ಸಾಧಾರಣ ಡಿಜಿಟಲ್ ಕ್ಯಾಮೆರಾದ ಬಿಂಬಫಲಕದ ಎತ್ತರ ಸುಮಾರು 15 ಮಿ.ಮೀ. ಆದ್ದರಿಂದ ಮಗು ಚಿತ್ರದ ಹತ್ತನೆಯ ಒಂದು ಪಾಲು ಮಾತ್ರ. ಪೆಟ್ಟಿಗೆಯಲ್ಲಿ ಕಂಡ ಇರುವೆಗಳ ರಹಸ್ಯ ಇದೇ. 200 ಮಿ.ಮೀ. ಲೆನ್ಸಿನಲ್ಲಿ ಬಿಂಬ 6 ಮಿ.ಮೀ., 250 ಮಿ.ಮೀ. ಲೆನ್ಸಿನಲ್ಲಿ 7.5 ಮಿ.ಮೀ. ಆಗುತ್ತದೆ. ಈಗ ಮಗು ಚಿತ್ರದ ಅರ್ಧವನ್ನು ತುಂಬುತ್ತದೆ. ಮುಖದ ಭಾವ ಕಾಣುತ್ತದೆ.

ಇಲ್ಲೊಂದು ಲಾಭವುಂಟು. ಹಳೆಯ ಫಿಲ್ಮ್ ಚೌಕಟ್ಟಿನ ಅಳತೆ 24 ಗುಣಿಸು 36 ಮಿ.ಮೀ. ಇಂದಿನ ಸಾಧಾರಣ ಬೆಲೆಯ ಕ್ಯಾಮೆರಾಗಳ ಫಲಕ ಅದಕ್ಕಿಂತ ಚಿಕ್ಕದು. ಹೀಗಾಗಿ ಅದೇ ಲೆನ್ಸು ನಿಕಾನ್‌ನ ಇಂತಹ ಕ್ಯಾಮೆರಾಗಳಲ್ಲಿ ಒಂದೂವರೆ ಪಟ್ಟು, ಕೆನಾನ್‌ನವುಗಳಲ್ಲಿ 1.6 ಪಟ್ಟು ಉದ್ದದ ಲೆನ್ಸಿನಂತೆ ಕಿರಿದಾದ ನೋಟವನ್ನು ಕೊಡುತ್ತದೆ. 250 ಮಿ.ಮೀ. ಎಂಬುದು ಹಳೆಯ ಲೆಕ್ಕದ 400 ಮಿ.ಮೀ.ಗೆ ಸಮ. ದುಬಾರಿಯ ದೊಡ್ಡ ಫಲಕದ ಕ್ಯಾಮೆರಾ ಇಲ್ಲವೆಂದು ಮೈದಾನದಲ್ಲಿ ಕೊರಗಬೇಕಾಗಿಲ್ಲ. ಅಲ್ಲಿ ಚಿಕ್ಕ ಫಲಕವೇ ಬಡವನ ಬಂಧು. ಮೊಬೈಲ್ ದೂರವಾಣಿಯ ಜೂಮ್ ಮಾತ್ರ ಬೇರೆ ಬಗೆಯದು. ಬಹುತೇಕ ಸಂದರ್ಭಗಳಲ್ಲಿ ಅದು ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವುದಷ್ಟೆ. ಇಲ್ಲದ ವಿವರವನ್ನು ಹಿಗ್ಗಿಸಿದರೆ ಮಸುಕೂ ಹಿಗ್ಗುತ್ತದೆ.

ಉದ್ದದ ಸಂಗಮದೂರವಿರುವ ಲೆನ್ಸೆಲ್ಲವೂ ನಿಜಾರ್ಥದಲ್ಲಿ ಟೆಲಿಫೋಟೋ ಅಲ್ಲ. ಮುಂದೆ ಪೀನ ಗುಣದ ಮಸೂರಗಳ ಗುಂಪನ್ನೂ ಹಿಂದೆ ನಿಮ್ನ ಗುಣದ ಗುಂಪನ್ನೂ ಇರಿಸಿ, ಲೆನ್ಸಿನ ದೇಹವನ್ನು ಅದರ ಸಂಗಮದೂರಕ್ಕಿಂತ ಗಿಡ್ಡವಾಗಿಸುವ ರಚನೆಗೆ ಆ ಹೆಸರು. 1891ರಲ್ಲಿ ಇಂಗ್ಲೆಂಡಿನ ಥಾಮಸ್ ರುಡಾಲ್ಫಸ್ ಡಾಲ್‌ಮೆಯರ್ ಇದನ್ನು ರೂಪಿಸಿದರು. ಅದೇ ವರ್ಷ ಜರ್ಮನಿಯಲ್ಲಿ ಅಡಾಲ್ಫ್ ಮೀಥೆ ಮತ್ತು ಸ್ಟೈನ್‌ಹೈಲ್ ಅವರೂ ಸ್ವತಂತ್ರವಾಗಿ ಇದೇ ದಾರಿಯನ್ನು ಕಂಡರು. ಕ್ರೀಡೆಗೂ ಲೆನ್ಸಿಗೂ ಇರುವ ನಂಟು 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಹೆಸರಾಯಿತು. ಆ ಕೂಟಕ್ಕಾಗಿ ಝೈಸ್ ಸಂಸ್ಥೆ ಸಿದ್ಧಪಡಿಸಿದ 180 ಮಿ.ಮೀ., ಎಫ್/2.8 ಲೆನ್ಸಿಗೆ ಒಲಿಂಪಿಯಾ ಸೊನ್ನಾರ್ ಎಂಬ ಹೆಸರೇ ನಿಂತಿತು. ಧ್ಯಾನಚಂದರ ನಾಯಕತ್ವದಲ್ಲಿ ನಮ್ಮ ಹಾಕಿ ತಂಡ ಚಿನ್ನ ಗೆದ್ದದ್ದು ಆ ಕೂಟದಲ್ಲಿಯೇ.

2. ವೇಗ ಮತ್ತು ಷಟರು

ಏಳನೆಯ ತರಗತಿಯ ಮಗು ಸೆಕೆಂಡಿಗೆ 6 ಮೀಟರ್ ಓಡುತ್ತದೆಯೆಂದು ಇಟ್ಟುಕೊಳ್ಳೋಣ. ಷಟರು ಸೆಕೆಂಡಿನ 60ನೆಯ ಒಂದು ಭಾಗದಷ್ಟು ಕಾಲ ತೆರೆದಿದ್ದರೆ, ಅಷ್ಟರಲ್ಲಿ ಮಗು 10 ಸೆಂಟಿಮೀಟರ್ ಮುಂದೆ ಸರಿದಿರುತ್ತದೆ. ಅಂದರೆ ಒಂದು ಮುಖದ ಅಗಲದಷ್ಟು ಮಸುಕು. 1/500 ಸೆಕೆಂಡಿನಲ್ಲಿ 1.2 ಸೆಂಟಿಮೀಟರ್, 1/1000ದಲ್ಲಿ 6 ಮಿಲಿಮೀಟರ್ ಮಾತ್ರ ಸರಿಯುತ್ತದೆ. ಕೈಕಾಲುಗಳ ಬೀಸು ದೇಹಕ್ಕಿಂತ ವೇಗದ್ದು. ಆದ್ದರಿಂದ ಓಟಕ್ಕೂ ಫುಟ್‌ಬಾಲಿಗೂ 1/500 ಕನಿಷ್ಠ, 1/1000 ಉತ್ತಮ.

ನನ್ನ ಆ ಚಿತ್ರದ ದಾಖಲೆಯನ್ನು ತೆರೆದು ನೋಡಿದಾಗ ಷಟರಿನ ವೇಗ 1/60 ಎಂದಿತ್ತು. ಕೈನಡುಕ ತಡೆಯುವ ವ್ಯವಸ್ಥೆ ತನ್ನ ಕೆಲಸವನ್ನು ಪ್ರಾಮಾಣಿಕವಾಗಿಯೇ ಮಾಡಿತ್ತು. ಕಂಬ ಮತ್ತು ಗೋಡೆ ಸ್ಪಷ್ಟವಾಗಿದ್ದುದು ಅದರಿಂದಲೇ. ಆದರೆ ಆ ವ್ಯವಸ್ಥೆ ತಡೆಯುವುದು ನಮ್ಮ ಕೈಯ ಅಲುಗಾಟವನ್ನು, ಮಗುವಿನ ಓಟವನ್ನಲ್ಲ. ಐಎಸ್, ವಿಆರ್ ಮುಂತಾದ ಅಕ್ಷರಗಳಿಗಾಗಿ ಹೆಚ್ಚಿನ ಹಣ ಕೊಡುವ ಮುನ್ನ ಈ ಭೇದವನ್ನು ಓದುಗರು ಮನಗಾಣಬೇಕು. ನಿಂತ ವಸ್ತುವಿಗೆ ಅದು ವರ. ಓಡುವವರ ಮಟ್ಟಿಗೆ ಷಟರಿನ ವೇಗವೇ ಗತಿ.

3. ಬೆಳಕು ಮತ್ತು ಲೆನ್ಸಿನ ಬಾಯಿ

ಷಟರು ಬೇಗ ಮುಚ್ಚಿದರೆ ಒಳಗೆ ಬರುವ ಬೆಳಕು ಕಡಿಮೆಯಾಗುತ್ತದೆ. ಆ ಕೊರತೆಯನ್ನು ತುಂಬಲು ಎರಡು ದಾರಿಗಳಿವೆ: ಲೆನ್ಸಿನ ಬಾಯಿಯನ್ನು ಅಗಲಿಸುವುದು, ಇಲ್ಲವೇ ಐಎಸ್‌ಒ ಎಂಬ ಸಂವೇದನೆಯ ಅಂಕವನ್ನು ಏರಿಸುವುದು. ಮೊದಲನೆಯದಕ್ಕೆ ಹಣ ಬೇಕು. ಎರಡನೆಯದಕ್ಕೆ ಒಂದು ಗುಂಡಿಯನ್ನು ಒತ್ತಿದರೆ ಸಾಕು.

ಎಫ್ ಅಂಕವೆಂದರೆ ಸಂಗಮದೂರವನ್ನು ದ್ಯುತಿರಂಧ್ರದ ವ್ಯಾಸದಿಂದ ಭಾಗಿಸಿ ಬರುವ ಸಂಖ್ಯೆ. ಆದ್ದರಿಂದ ಅಂಕ ಚಿಕ್ಕದಾದಷ್ಟೂ ಬಾಯಿ ದೊಡ್ಡದು. 200 ಮಿ.ಮೀ. ಲೆನ್ಸಿಗೆ ಎಫ್/5.6 ಎಂದರೆ ಸುಮಾರು 36 ಮಿ.ಮೀ. ವ್ಯಾಸ, ಎಫ್/4ಕ್ಕೆ 50 ಮಿ.ಮೀ.; ಎಫ್/2.8ಕ್ಕೆ ಸುಮಾರು 71 ಮಿ.ಮೀ. ವ್ಯಾಸ ಎರಡು ಪಟ್ಟಾದರೆ ಬೆಳಕು ನಾಲ್ಕು ಪಟ್ಟು. ಗಾಜಿನ ಗಾತ್ರ, ತೂಕ, ಬೆಲೆಗಳೂ ಅದರೊಂದಿಗೆ ಏರುತ್ತವೆ. ಕೆನಾನ್‌ನ ಇಎಫ್-ಎಸ್ 55-250 ಎಸ್‌ಟಿಎಂ ಲೆನ್ಸಿನ ತೂಕ ಸುಮಾರು 375 ಗ್ರಾಂ, 70-200 ಎಫ್/4 ಸುಮಾರು 700 ಗ್ರಾಂ, ಅದರದೇ ಎಫ್/2.8 ರೂಪ 1,300 ಗ್ರಾಮಿನಷ್ಟು. ಮಡಗಾಂವಿನ ಫಾತೋರ್ಡಾ ಕ್ರೀಡಾಂಗಣದಲ್ಲಿ ಗೋಲಿನ ಹಿಂದೆ ಕುಳಿತ ಛಾಯಾಗ್ರಾಹಕರು ಒಂಟಿಕಾಲಿನ ಮೇಲೆ ನಿಲ್ಲಿಸಿಕೊಂಡಿರುವ ಫಿರಂಗಿಯಂತಹ ಲೆನ್ಸನ್ನು ನೀವು ನೋಡಿರಬಹುದು. 400 ಮಿ.ಮೀ., ಎಫ್/2.8 ಲೆನ್ಸಾದರೆ ಅದರ ಬಾಯಿಯ ವ್ಯಾಸ 143 ಮಿ.ಮೀ. ಅಂದರೆ ಐದೂವರೆ ಅಂಗುಲಕ್ಕೂ ಮಿಗಿಲು. 2017ರ ಹದಿನೇಳು ವರ್ಷದೊಳಗಿನವರ ವಿಶ್ವಕಪ್ ಫುಟ್‌ಬಾಲ್ ಪಂದ್ಯಗಳೂ, 2023ರ ರಾಷ್ಟ್ರೀಯ ಕ್ರೀಡಾಕೂಟದ ಉದ್ಘಾಟನೆಯೂ ನಡೆದ ಅಂಗಳವದು. ರಾತ್ರಿಯ ದೀಪದ ಬೆಳಕಿನಲ್ಲಿ, 105 ಮೀಟರ್ ಉದ್ದದ ಅಂಗಳದಲ್ಲಿ, ಮರುದಿನದ ಪತ್ರಿಕೆಗಾಗಿ ದುಡಿಯುವವರಿಗೆ ಆ ಲೆನ್ಸು ಅನಿವಾರ್ಯ. ಪ್ರಶ್ನೆಯಿರುವುದು ಅದು ಒಳ್ಳೆಯದೇ ಎಂಬುದಲ್ಲ, ನಮಗೆ ಬೇಕೇ ಎಂಬುದು.

ಲೆಕ್ಕ ನೋಡಿ. ಪೂರ್ಣ ಬಿಸಿಲಿನಲ್ಲಿ ಐಎಸ್‌ಒ 100 ಇದ್ದಾಗ ಎಫ್/16ಕ್ಕೆ ಸುಮಾರು 1/125 ಸೆಕೆಂಡು ಸಾಕೆಂಬುದು ಫಿಲ್ಮಿನ ಕಾಲದಿಂದ ಬಂದ ಸೂತ್ರ. ಅದೇ ಬೆಳಕಿನಲ್ಲಿ ಎಫ್/5.6ಕ್ಕೆ ತೆರೆದರೆ 1/1000 ಸೆಕೆಂಡು ದೊರೆಯುತ್ತದೆ. ಹಾಗಾದರೆ ಬೆಳಗಿನ ಕ್ರೀಡಾದಿನಕ್ಕೆ ಅಗ್ಗದ ಎಫ್/5.6 ಲೆನ್ಸು ಧಾರಾಳವಾಗಿ ಸಾಕು. ನನ್ನ ಸಂಜೆಯ ಚಿತ್ರದಲ್ಲಿ ಎಫ್/5.6 ಇತ್ತು, 1/60 ಇತ್ತು. ಬೆಳಿಗ್ಗೆ ಇರಿಸಿದ್ದ ಐಎಸ್‌ಒ 100 ಹಾಗೆಯೇ ಉಳಿದಿತ್ತು. ಬೆಳಕು ಹದಿನಾರನೆಯ ಒಂದು ಪಾಲಿಗೆ ಇಳಿದಿತ್ತು. ಐಎಸ್‌ಒ ಅಂಕವನ್ನು ಹದಿನಾರು ಪಟ್ಟು, ಅಂದರೆ 1600ಕ್ಕೆ ಏರಿಸಿದ್ದರೆ ಅದೇ ಲೆನ್ಸಿನಿಂದ, ಅದೇ ಜಾಗದಿಂದ, 1/1000 ಸೆಕೆಂಡಿನ ಚಿತ್ರ ಸಿಕ್ಕುತ್ತಿತ್ತು. ಸ್ವಲ್ಪ ಮರಳು ಮರಳಾಗಿ ಕಾಣುತ್ತಿತ್ತು, ನಿಜ. ಆದರೆ ಅಜ್ಜಿಗೆ ಮೊಮ್ಮಗಳ ಗುರುತು ಹತ್ತುತ್ತಿತ್ತು.

ಮೂರು ತಿಂಗಳ ಸಂಬಳದಷ್ಟು ಸಾಲದ ಅರ್ಜಿಯನ್ನು ಆ ರಾತ್ರಿಯೇ ಹರಿದುಹಾಕಿದೆ. ತಪ್ಪು ಲೆನ್ಸಿನದಾಗಿರಲಿಲ್ಲ, ನನ್ನದಾಗಿತ್ತು. ಅದನ್ನು ತಿಳಿದ ಸಂತೋಷಕ್ಕಿಂತ, ಆ ಮಗುವಿಗೆ ಕೊಡಬೇಕಾಗಿದ್ದುದು ಒಂದು ಗುಂಡಿಯಷ್ಟು ಹತ್ತಿರದಲ್ಲಿತ್ತೆಂಬ ವ್ಯಥೆಯೇ ಹೆಚ್ಚಾಯಿತು.

4. ಯಾವುದನ್ನು ಆರಿಸಬೇಕು?

ಮೊದಲು ಅಂಗಳವನ್ನು ಅಳೆಯಿರಿ. ಆಮೇಲೆ ಅಂಗಡಿಗೆ ಹೋಗಿ. ನಮ್ಮ ಮೈದಾನದ ಉದ್ದ ಸುಮಾರು 70 ಮೀಟರ್. ಹಗ್ಗದ ಬಳಿ ನಿಂತರೆ ಆಟದ ಬಹುಭಾಗ 15ರಿಂದ 40 ಮೀಟರಿನೊಳಗೆ ನಡೆಯುತ್ತದೆ. ಇದಕ್ಕೆ ಮೂರು ಬಗೆಯ ಆಯ್ಕೆಗಳನ್ನು ಹೇಳಬಹುದು.

ಬಯಲಿನ ಹಗಲು ಆಟಗಳಿಗೆ 55-250 ಅಥವಾ 70-300 ಮಿ.ಮೀ. ಅಳತೆಯ, ಎಫ್/4ರಿಂದ 5.6 ಅಥವಾ 6.3ರ, ಸಾಧಾರಣ ಜೂಮ್. ಕೆನಾನ್‌ನ 55-250 ಎಸ್‌ಟಿಎಂ, ನಿಕಾನ್‌ನ ಎಎಫ್-ಪಿ 70-300 ಈ ವರ್ಗದ ಹಗುರವಾದ, ಬೇಗ ಗುರಿ ಹಿಡಿಯುವ ಲೆನ್ಸುಗಳು. ಆರಂಭಿಸುವವರಿಗೆ ನನ್ನ ಮೊದಲ ಸಲಹೆ ಇದೇ.

ಹೆಚ್ಚು ಆಟಗಳನ್ನು, ಮೋಡ ಮುಸುಕಿದ ದಿನಗಳಲ್ಲಿಯೂ ತೆಗೆಯುವವರಿಗೆ 70-200 ಎಫ್/4. ಕೆನಾನ್ 1999ರಲ್ಲಿ ಹೊರತಂದ, ಕೈನಡುಕದ ತಡೆಯಿಲ್ಲದ ಮೊದಲ ರೂಪ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಸಿಕ್ಕುವುದುಂಟು. ಓಟಕ್ಕೆ ಆ ತಡೆ ಬೇಕಿಲ್ಲವೆಂದು ಮೇಲೆಯೇ ಕಂಡಿದ್ದೇವೆ; ಆದ್ದರಿಂದ ಅದಿಲ್ಲದ ಲೆನ್ಸು ಅಗ್ಗವಾಗಿ ಸಿಕ್ಕರೆ ಕ್ರೀಡೆಯವರಿಗೆ ಲಾಭವೇ.

ಒಳಾಂಗಣದ ಕಬಡ್ಡಿ, ಬ್ಯಾಡ್ಮಿಂಟನ್ ಪಂದ್ಯಗಳಿಗೆ 85 ಮಿ.ಮೀ., ಎಫ್/1.8ರ ಸ್ಥಿರ ಲೆನ್ಸು. ಸಾಧಾರಣ ದೀಪಗಳ ಸಭಾಂಗಣದಲ್ಲಿ ನಾನು ಅಳೆದಂತೆ, ಐಎಸ್‌ಒ 1600ರಲ್ಲಿ ಎಫ್/5.6 ಲೆನ್ಸಿಗೆ ದೊರೆತದ್ದು 1/125 ಸೆಕೆಂಡು ಮಾತ್ರ. ಎಫ್/1.8 ಅದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕನ್ನು ಒಳಬಿಡುತ್ತದೆ. 1/1000ಕ್ಕೂ ಮಿಗಿಲಾದ ವೇಗ ಸಿಕ್ಕುತ್ತದೆ. ಕಬಡ್ಡಿಯ ಅಂಕಣ 13 ಗುಣಿಸು 10 ಮೀಟರ್. ಹತ್ತು ಮೀಟರ್ ದೂರದಿಂದ ಈ ಲೆನ್ಸು ಒಬ್ಬಿಬ್ಬರು ಆಟಗಾರರನ್ನು ಚೌಕಟ್ಟಿನ ತುಂಬ ಹಿಡಿಯುತ್ತದೆ. ಜೂಮ್ ಇಲ್ಲವೆಂಬುದೊಂದೇ ಕೊರತೆ. ಅದನ್ನು ನಮ್ಮ ಕಾಲುಗಳು ತುಂಬಬೇಕು. ಹರಿದ ಅರ್ಜಿಯ ಬದಲಿಗೆ ನಾನು ಕೊಂಡದ್ದು ಬಳಸಿದ ಇಂತಹ ಒಂದು ಲೆನ್ಸನ್ನು. ಅದಕ್ಕೆ ಸಾಲ ಬೇಕಾಗಲಿಲ್ಲ.

ಎರಡು ಮೋಹಗಳಿಂದ ದೂರವಿರಬೇಕು. ಒಂದು, ಲೆನ್ಸಿನ ಹಿಂದೆ ಜೋಡಿಸುವ ಎರಡು ಪಟ್ಟಿನ ವರ್ಧಕ. ಅದು ದೂರವನ್ನು ಇಮ್ಮಡಿಸುವಾಗ ಬೆಳಕನ್ನು ನಾಲ್ಕನೆಯ ಒಂದು ಪಾಲಿಗೆ ಇಳಿಸುತ್ತದೆ, ಎಫ್/5.6 ಲೆನ್ಸು ಎಫ್/11 ಆಗುತ್ತದೆ. ಸಾಧಾರಣ ಎಸ್‌ಎಲ್‌ಆರ್ ಕ್ಯಾಮೆರಾದ ತಾನೇ ಗುರಿ ಹಿಡಿಯುವ ಯಂತ್ರ ಅಷ್ಟು ಮಬ್ಬಿನಲ್ಲಿ ಕುರುಡಾಗುತ್ತದೆ. ಇನ್ನೊಂದು, 500 ಮಿ.ಮೀ., ಎಫ್/8ರ ಅಗ್ಗದ ಕನ್ನಡಿ ಲೆನ್ಸು. ಅದರ ಬಾಯಿಯನ್ನು ಹಿಗ್ಗಿಸಲೂ ಕುಗ್ಗಿಸಲೂ ಆಗದು. ಸಾಮಾನ್ಯವಾಗಿ ಗುರಿಯನ್ನು ಕೈಯಿಂದಲೇ ತಿರುಗಿಸಿ ಹಿಡಿಯಬೇಕು. ಚಂದ್ರನ ಚಿತ್ರಕ್ಕೆ ಅದು ಸರಿ. ಚೆಂಡಿನ ಬೆನ್ನು ಹತ್ತಿದ ಮಗುವಿಗಲ್ಲ.

5. ಬಳಸಿದ ಲೆನ್ಸು ಕೊಳ್ಳುವಾಗ

ಅನೇಕರು ಕನ್ನಡಿರಹಿತ ಹೊಸ ಕ್ಯಾಮೆರಾಗಳ ಕಡೆಗೆ ಹೊರಳಿರುವುದರಿಂದ ಎಸ್‌ಎಲ್‌ಆರ್ ಕಾಲದ ಒಳ್ಳೆಯ ಲೆನ್ಸುಗಳು ಇಳಿದ ಬೆಲೆಗೆ ದೊರೆಯುತ್ತಿವೆ. ಆದರೆ ಎಚ್ಚರಿಕೆ ಬೇಕು.

ಮೊದಲನೆಯದಾಗಿ, ಹೊಂದಾಣಿಕೆ. 1987ರಲ್ಲಿ ಕೆನಾನ್ ತನ್ನ ಜೋಡಣೆಯನ್ನೇ ಬದಲಿಸಿತು. ಅದಕ್ಕೆ ಹಿಂದಿನ ಎಫ್‌ಡಿ ಲೆನ್ಸುಗಳು ನಂತರದ ಈಓಎಸ್ ಕ್ಯಾಮೆರಾಗಳಿಗೆ ನೇರವಾಗಿ ಕೂಡುವುದಿಲ್ಲ. ನಿಕಾನ್‌ನ ಹಳೆಯ ಎಎಫ್ ಮತ್ತು ಎಎಫ್-ಡಿ ಲೆನ್ಸುಗಳ ಗುರಿಯನ್ನು ಕ್ಯಾಮೆರಾದೊಳಗಿನ ಮೋಟಾರು ತಿರುಗಿಸಬೇಕು. ಡಿ3000, ಡಿ5000 ಸಾಲಿನ ಕ್ಯಾಮೆರಾಗಳಲ್ಲಿ ಆ ಮೋಟಾರಿಲ್ಲ. ಎಎಫ್-ಪಿ ಲೆನ್ಸುಗಳು ಹಳೆಯ ಕೆಲವು ನಿಕಾನ್ ಕ್ಯಾಮೆರಾಗಳಲ್ಲಿ ಗುರಿ ಹಿಡಿಯುವುದಿಲ್ಲ. ಆದ್ದರಿಂದ ನಿಮ್ಮ ಕ್ಯಾಮೆರಾವನ್ನು ಜೊತೆಗೇ ಒಯ್ದು, ಜೋಡಿಸಿ ನೋಡಿಯೇ ಹಣ ಕೊಡಿ.

ಎರಡನೆಯದಾಗಿ, ಗಾಜು. ಹಿಂದಿನಿಂದ ಟಾರ್ಚು ಬಿಟ್ಟು ಓರೆಯಾಗಿ ನೋಡಿ. ಜೇಡರ ಬಲೆಯ ಎಳೆಗಳಂತೆ ಕಂಡರೆ ಅದು ಬೂಷ್ಟು. ಹಾಲಿನ ಕೆನೆಯಂತೆ ಮಬ್ಬು ಕಂಡರೂ ಬಿಡಿ. ಒಂದೆರಡು ಧೂಳಿನ ಕಣಗಳಿಗೆ ಹೆದರಬೇಕಾಗಿಲ್ಲ. ಅವು ಚಿತ್ರದಲ್ಲಿ ಕಾಣವು. ದ್ಯುತಿರಂಧ್ರದ ತೆಳು ರೆಕ್ಕೆಗಳ ಮೇಲೆ ಎಣ್ಣೆಯ ಹೊಳಪು ಇರಬಾರದು.

ಮೂರನೆಯದಾಗಿ, ಪರೀಕ್ಷೆ. ಗೋಡೆಗೆ ಕನ್ನಡ ದಿನಪತ್ರಿಕೆಯ ಒಂದು ಹಾಳೆಯನ್ನು ಅಂಟಿಸಿ, ಅತಿ ಹೆಚ್ಚಿನ ಜೂಮಿನಲ್ಲಿ, ಬಾಯಿಯನ್ನು ಪೂರ್ಣ ತೆರೆದು, ಕ್ಯಾಮೆರಾವನ್ನು ಸ್ಥಿರವಾಗಿಟ್ಟು ಚಿತ್ರ ತೆಗೆಯಿರಿ. ನಾಲ್ಕು ಮೂಲೆಗಳ ಅಕ್ಷರಗಳೂ ಹೆಚ್ಚುಕಡಿಮೆ ಒಂದೇ ಸಮನಾಗಿ ಕಾಣಬೇಕು. ಒಂದು ಮೂಲೆ ಮಾತ್ರ ಬಹಳ ಮಸುಕಾದರೆ, ಆ ಲೆನ್ಸು ಎಂದೋ ಬಿದ್ದು ಒಳಗಿನ ಗಾಜು ಓರೆಯಾಗಿರುವ ಸಂಭವವುಂಟು. ಒತ್ತಕ್ಷರಗಳು ಬಿಡಿಬಿಡಿಯಾಗಿ ಓದಿಸಿಕೊಂಡರೆ ಲೆನ್ಸು ಉತ್ತೀರ್ಣವೆಂದು ತಿಳಿಯಿರಿ. ಕೊನೆಗೆ ರಸ್ತೆಯಲ್ಲಿ ಬರುವ ಸೈಕಲ್ಲಿನವನ ಮೇಲೆ ಗುರಿಯಿಟ್ಟು, ಲೆನ್ಸು ಅವನನ್ನು ಹಿಂಬಾಲಿಸುವುದೇ ಎಂದು ನೋಡಬೇಕು.

6. ಗೋವೆಯ ಮಳೆ, ವೆರ್ಣಾದ ಧೂಳು

ನಮ್ಮ ನಾಡಿನಲ್ಲಿ ಕೊಳ್ಳುವುದು ಅರ್ಧ ಕೆಲಸ, ಕಾಪಾಡುವುದು ಇನ್ನರ್ಧ. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಬೀಳುವ ಗೋವೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಬೆವರುತ್ತದೆ. ಚರ್ಮದ ಚೀಲದಲ್ಲಿ, ಬಟ್ಟೆಗಳ ನಡುವೆ, ಕತ್ತಲೆಯ ಕಪಾಟಿನಲ್ಲಿ ಲೆನ್ಸನ್ನಿಟ್ಟರೆ ಬೂಷ್ಟಿಗೆ ತೊಟ್ಟಿಲು ಕಟ್ಟಿಕೊಟ್ಟಂತೆ. ಗಾಳಿಯಾಡದ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ಒಂದು ಚಿಕ್ಕ ಆರ್ದ್ರತಾಮಾಪಕ — ಇಷ್ಟಿದ್ದರೆ ಸಾಕು. ಆರ್ದ್ರತೆ ಶೇಕಡಾ 40ರಿಂದ 50ರೊಳಗಿರಲಿ. ಹರಳುಗಳ ಬಣ್ಣ ಬದಲಾದಾಗ ಅವುಗಳನ್ನು ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಮಳೆಗಾಲದಲ್ಲಿಯೂ ಆಗಾಗ ಲೆನ್ಸನ್ನು ಹೊರತೆಗೆದು ಬಳಸುತ್ತಿರಬೇಕು.

ಬೇಸಿಗೆಯಲ್ಲಿ ವೈರಿ ಬೇರೆ. ವೆರ್ಣಾದ ಪ್ರಸ್ಥಭೂಮಿ ಜಂಬಿಟ್ಟಿಗೆಯ ನೆಲ. ಮಕ್ಕಳು ಓಡಿದರೆ ಕೆಂಪು ಧೂಳು ಏಳುತ್ತದೆ. ಮೈದಾನದ ನಡುವೆ ಲೆನ್ಸನ್ನು ಬದಲಿಸಬಾರದು. ಗಾಜಿನ ಮೇಲೆ ಧೂಳು ಕುಳಿತಾಗ ಅಂಗಿಯ ಚುಂಗಿನಿಂದ ಒರೆಸಿದರೆ ಗೀರು ಬೀಳುತ್ತದೆ. ಮೊದಲು ರಬ್ಬರಿನ ಬುರುಡೆಯಿಂದ ಗಾಳಿ ಊದಬೇಕು, ಆಮೇಲೆ ಮೃದುವಾದ ಬಟ್ಟೆ. ಲೆನ್ಸಿನ ಮುಂದೆ ನೆರಳಿನ ಹುಡ್ ಸದಾ ಇರಲಿ. ಬಿಸಿಲನ್ನೂ ಚೆಂಡಿನ ಪೆಟ್ಟನ್ನೂ ಅದು ತಡೆಯುತ್ತದೆ.

7. ಹಣವಿಲ್ಲದೆ ದೊರೆಯುವ ಲೆನ್ಸು

ನಿಲ್ಲುವ ಜಾಗವೇ ಆ ಲೆನ್ಸು. ಓಟದ ಪಕ್ಕದಲ್ಲಿ ನಿಂತರೆ ಮಕ್ಕಳು ಅಡ್ಡಲಾಗಿ ಹಾಯುತ್ತಾರೆ, ಮಸುಕು ಹೆಚ್ಚು. ಅಂತಿಮ ಗೆರೆಯ ಹಿಂದೆ, ಸ್ವಲ್ಪ ಬದಿಗೆ ಕುಳಿತರೆ ಅವರು ನಮ್ಮ ಕಡೆಗೇ ಬರುತ್ತಾರೆ. ಮಸುಕು ಕಡಿಮೆ, ಮುಖವೂ ಕಾಣುತ್ತದೆ. ಮೊಣಕಾಲೂರಿ ಮಗುವಿನ ಎದೆಯ ಎತ್ತರದಿಂದ ತೆಗೆಯಿರಿ. ಎತ್ತರದಿಂದ ತೆಗೆದ ಚಿತ್ರದಲ್ಲಿ ನೆಲವೇ ಹಿನ್ನೆಲೆಯಾಗುತ್ತದೆ. ಫುಟ್‌ಬಾಲಿನಲ್ಲಿ ಚೆಂಡಿನ ಹಿಂದೆ ಅಲೆಯದೆ ಗೋಲಿನ ಗೆರೆಯ ಮೂಲೆಯಲ್ಲಿ ಕಾದು ಕುಳಿತರೆ ಆಟವೇ ನಿಮ್ಮ ಬಳಿಗೆ ಬರುತ್ತದೆ. ನಿಯಮದಂತೆ ಪೆನಾಲ್ಟಿ ಪ್ರದೇಶದ ಆಳ ಕೇವಲ 16.5 ಮೀಟರ್. ಲೆನ್ಸಿನ ಗುರಿ ನಿಧಾನವಾದರೆ ಮೊದಲೇ ಅಂತಿಮ ಗೆರೆಯ ಮೇಲೆ ಗುರಿಯನ್ನು ನಿಲ್ಲಿಸಿಟ್ಟು, ಮಗು ಅಲ್ಲಿಗೆ ಬರುವ ಕ್ಷಣಕ್ಕೆ ಗುಂಡಿ ಒತ್ತಬಹುದು. ಓಡುವವರ ಮುಖದ ಮೇಲೆ ಬಿಸಿಲು ಓರೆಯಾಗಿ ಬೀಳುವಂತೆ ಗೆರೆ ಹಾಕಿರೆಂದು ದೈಹಿಕ ಶಿಕ್ಷಕರನ್ನು ಕೇಳಿಕೊಂಡರೆ ಅವರು ಬೇಡವೆನ್ನುವುದಿಲ್ಲ, ನಮ್ಮವರು ಎನ್ನಲಿಲ್ಲ. ತಾಳ್ಮೆಯ ಬಲವನ್ನು ನಮ್ಮವರೇ ತೋರಿಸಿದ್ದಾರೆ. ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿಯವರನ್ನು ನೆನೆದರೆ ಸಾಕು. ಹಕ್ಕಿ ಎಲ್ಲಿಗೆ ಬರುತ್ತದೆಂದು ಬಲ್ಲವನಿಗೆ ಲೆನ್ಸಿನ ಅರ್ಧ ಉದ್ದ ಉಳಿಯುತ್ತದೆ.

ಒಂದು ಮಾತು ಮರೆಯುವಂತಿಲ್ಲ. ದೂರದಿಂದ ನೋಡುವ ಕಣ್ಣು ದೊರೆತಾಗ ಸಂಯಮವೂ ಬೇಕು. ಮಕ್ಕಳ ಚಿತ್ರವನ್ನು ಶಾಲೆಯ ಅನುಮತಿಯಿಂದ ತೆಗೆದು, ಪಾಲಕರ ಒಪ್ಪಿಗೆಯಿಂದಲೇ ಹಂಚಬೇಕು. ಬಿದ್ದು ಅಳುವ ಮಗುವಿನ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಅದು ಆ ಮಗುವಿನದು, ನಮ್ಮದಲ್ಲ.

ಕೊನೆಯದಾಗಿ

ಕಳೆದ ಕ್ರೀಡಾದಿನದಂದು ಅದೇ ಹಳೆಯ ಕ್ಯಾಮೆರಾ, ಅದೇ 55-250 ಲೆನ್ಸು ಹಿಡಿದು ಅಂತಿಮ ಗೆರೆಯ ಹಿಂದೆ ಮೊಣಕಾಲೂರಿದೆ. ಸಂಜೆಯ ಓಟಕ್ಕೆ ಐಎಸ್‌ಒ 1600, ಷಟರು 1/1000. ಗೆದ್ದವರದಷ್ಟೇ ಅಲ್ಲ, ಕೊನೆಯಲ್ಲಿ ಬಂದವರ ಮುಖವೂ ಸ್ಪಷ್ಟವಾಗಿ ಮೂಡಿತು. ಒಂದು ವಾರದೊಳಗೆ ಪ್ರತಿಗಳನ್ನು ಮುದ್ರಿಸಿ ಮಕ್ಕಳ ಕೈಗೇ ಕೊಟ್ಟೆವು. ಕೆಲವರು ಊರಿಗೆ ಕಳಿಸಿದರು. ಕೆಲವರು ಪುಸ್ತಕದ ನಡುವೆ ಇಟ್ಟುಕೊಂಡರು. ಈ ಸಂಚಿಕೆಯ ನಡುಪುಟಗಳಲ್ಲಿರುವ ಓಟದ ಚಿತ್ರಗಳು ಅವೇ.

ಶಾಲೆಗೆ ನನ್ನದೊಂದು ವಿನಂತಿ. ಹಳೆಯ ವಿದ್ಯಾರ್ಥಿಗಳು ಕೂಡಿ ಇಂತಹ ಒಂದು ಲೆನ್ಸನ್ನು, ಒಂದು ಒಣ ಡಬ್ಬಿಯನ್ನು ಶಾಲೆಗೆ ಕೊಡೋಣ. ಮೇಲಿನ ತರಗತಿಯ ಇಬ್ಬರು ಹುಡುಗಿಯರಿಗೂ ಇಬ್ಬರು ಹುಡುಗರಿಗೂ ಪ್ರತಿವರ್ಷ ಅದನ್ನು ಬಳಸಲು ಕಲಿಸೋಣ. ಸಂಗಮದೂರದ ಪಾಠ ಅವರಿಗೆ ಪುಸ್ತಕದಿಂದ ಮೈದಾನಕ್ಕೆ ಇಳಿಯುತ್ತದೆ. ತೆಗೆದ ಚಿತ್ರದ ಹಿಂದೆ ಮಗುವಿನ ಹೆಸರು, ತರಗತಿ, ದಿನಾಂಕಗಳನ್ನು ಕನ್ನಡದಲ್ಲಿ ಬರೆದಿಡೋಣ. ಮುಂದೊಮ್ಮೆ ಶತಮಾನೋತ್ಸವದ ಸಂಚಿಕೆಗಾಗಿ ಯಾರೋ ಈ ಪೆಟ್ಟಿಗೆಗಳನ್ನು ತೆರೆದಾಗ, ಅತಿಥಿಗಳ ಜೊತೆಗೆ ಮಕ್ಕಳೂ ಅವರಿಗೆ ಸಿಕ್ಕಲಿ.

ಬಾಗಲಕೋಟೆಯ ಕಡೆಯ ಆ ಹುಡುಗಿ ಈಗ ಎಲ್ಲಿರುವಳೋ ತಿಳಿಯದು. ಅವಳ ಮಸುಕು ಚಿತ್ರವನ್ನು ನಾನು ಅಳಿಸಿಲ್ಲ. ಎಂದಾದರೂ ಅವಳು ಈ ಶಾಲೆಯ ಬಾಗಿಲಿಗೆ ಬಂದರೆ, ದಾರ ಹರಿದದ್ದು ನೀನೇ ಎಂದು ಹೇಳಲು ಅದೊಂದು ಸಾಕ್ಷಿಯಾದರೂ ಇರಲಿ.